ನೋವು ಗಡಿಯಾರ ಮರೆತ ದಿನ

‘ಇವತ್ತು ತಲೆನೋವು ಬರಲಿಲ್ಲ’ ಎನ್ನುವುದಕ್ಕೂ ‘ತಲೆನೋವು ಮುಗಿಯಿತು’ ಎನ್ನುವುದಕ್ಕೂ ಎಷ್ಟು ದೂರವಿದೆ ಎಂಬುದು ಕ್ಲಸ್ಟರ್ ತಲೆನೋವು ಇರುವವರಿಗೆ ಚೆನ್ನಾಗಿ ಗೊತ್ತು. ಸಾಮಾನ್ಯ ತಲೆನೋವಾದರೆ ಒಂದು ಮಾತ್ರೆ, ಒಂದು ನಿದ್ದೆ, ಅಲ್ಲಿಗೆ ಕಥೆ ಮುಗಿಯಿತು. ಇದು ಹಾಗಲ್ಲ. ಬಂತೆಂದರೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬರುತ್ತಲೇ ಇರುತ್ತದೆ. ಆಮೇಲೊಂದು ದಿನ ಹೇಳದೆ ಕೇಳದೆ ಹೊರಟುಹೋಗುತ್ತದೆ. ಹೋಯಿತೆಂದು ನಂಬುವುದು ಯಾವಾಗ?

ನನಗೀಗ ಇಪ್ಪತ್ತು ವರ್ಷ. ಬಿ.ಇ. ಎಲೆಕ್ಟ್ರಾನಿಕ್ಸ್, ಆರನೇ ಸೆಮಿಸ್ಟರ್. ಪಿಯುಸಿ ಮುಗಿದ ಬೇಸಿಗೆಯಿಂದ ಇಲ್ಲಿಯವರೆಗೆ ಈ ತಲೆನೋವಿನ ಮೂರು ಸುತ್ತು ಕಂಡಿದ್ದೇನೆ. ಮೂರನೆಯದು ಈ ವರ್ಷ ಫೆಬ್ರುವರಿಯಲ್ಲಿ ಶುರುವಾಗಿ ಒಂಬತ್ತು ವಾರ ಇತ್ತು. ಅಷ್ಟರಲ್ಲಿ ಎರಡು ಇಂಟರ್ನಲ್ಸ್, ಒಂದು ಪ್ರಾಜೆಕ್ಟ್ ರಿವ್ಯೂ, ಒಂದು ಇಂಟರ್ನ್‌ಶಿಪ್ ಸಂದರ್ಶನ ಬಂದುಹೋದವು. ಪ್ರತಿಯೊಂದಕ್ಕೂ ‘ಬರ್ತೀನಿ’ ಅನ್ನಬೇಕೋ ‘ಆಗಲ್ಲ’ ಅನ್ನಬೇಕೋ ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಇದು ಇನ್ನೂ ಏರುತ್ತಿದೆಯೋ, ಇಳಿಯುತ್ತಿದೆಯೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ನೋಟ್‌ಬುಕ್ ಸಾಕು ಎಂಬುದು ನನ್ನ ಅನುಭವ. ಸುತ್ತು ಮುಗಿಯುವಾಗ ಬಾಗಿಲು ಹಾಕಿದ ಹಾಗೆ ಮುಗಿಯುವುದಿಲ್ಲ, ಜ್ವರ ಇಳಿದ ಹಾಗೆ ಇಳಿಯುತ್ತದೆ. ಇಳಿಯುವಾಗ ಸುಳಿವುಗಳನ್ನು ಬಿಟ್ಟುಹೋಗುತ್ತದೆ. ಅವನ್ನು ಓದಲು ಕಲಿತರೆ ಪರೀಕ್ಷೆ, ಪ್ರಯಾಣ, ಸಂದರ್ಶನ ಎಲ್ಲವನ್ನೂ ಸ್ವಲ್ಪ ಧೈರ್ಯದಿಂದ ಯೋಜಿಸಬಹುದು.

ಇದು ಅರೆತಲೆನೋವಲ್ಲ

ಮೊದಲು ಇದು ಏನು ಎಂಬುದನ್ನು ಹೇಳಿಬಿಡುತ್ತೇನೆ. ಕ್ಲಸ್ಟರ್ ಎಂದರೆ ಗೊಂಚಲು. ನೋವಿನ ಅಟ್ಯಾಕ್‌ಗಳು ದ್ರಾಕ್ಷಿ ಗೊಂಚಲಿನಂತೆ ಒತ್ತೊತ್ತಾಗಿ ಬರುವುದರಿಂದ ಆ ಹೆಸರು. ತಲೆಯ ಒಂದೇ ಬದಿಯಲ್ಲಿ, ಕಣ್ಣಿನ ಹಿಂದೆ ಅಥವಾ ಕಪಾಲದ ಪಕ್ಕದಲ್ಲಿ ನೋವು. ಚಿಕಿತ್ಸೆ ಸಿಗದಿದ್ದರೆ ಒಂದು ಅಟ್ಯಾಕ್ 15 ನಿಮಿಷದಿಂದ 3 ಗಂಟೆಯವರೆಗೆ ಇರಬಹುದು. ಎರಡು ದಿನಕ್ಕೊಮ್ಮೆ ಬರಬಹುದು, ದಿನಕ್ಕೆ ಎಂಟು ಸಲವೂ ಬರಬಹುದು. ನೋವಿರುವ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಮೂಗು ಕಟ್ಟುತ್ತದೆ ಇಲ್ಲವೇ ಸೋರುತ್ತದೆ, ರೆಪ್ಪೆ ಜೋತುಬೀಳುತ್ತದೆ, ಹಣೆ ಬೆವರುತ್ತದೆ.

ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲ್ಲಾಡದೆ ಮಲಗಲು ಬಯಸುತ್ತಾರೆ. ಕ್ಲಸ್ಟರ್ ಬಂದವರಿಗೆ ಸುಮ್ಮನೆ ಮಲಗಲು ಆಗುವುದೇ ಇಲ್ಲ. ಶತಪಥ ತಿರುಗುತ್ತಾರೆ, ಕೂತು ಹಿಂದೆ ಮುಂದೆ ತೂಗುತ್ತಾರೆ, ಕೆಲವರು ಗೋಡೆಗೆ ತಲೆ ಒತ್ತಿ ಹಿಡಿಯುತ್ತಾರೆ. ವೈದ್ಯರಿಗೆ ಇದೊಂದು ದೊಡ್ಡ ಗುರುತು.

ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ ಎಂದು ವೈದ್ಯಕೀಯ ಅಂದಾಜು. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ, ಅಂದರೆ ಓದು ಮುಗಿಸಿ ಕೆಲಸ ಹಿಡಿಯುವ ವಯಸ್ಸಿನಲ್ಲೇ ಶುರುವಾಗುತ್ತದೆ. ಗಂಡಸರಲ್ಲಿ ಜಾಸ್ತಿ. ಹೆಣ್ಣುಮಕ್ಕಳಿಗೂ ಬರುತ್ತದೆ, ಆದರೆ ಮೈಗ್ರೇನ್ ಎಂದು ತಪ್ಪಾಗಿ ತಿಳಿಯುವ ಸಾಧ್ಯತೆ ಹೆಚ್ಚು. ಸೈನಸ್ ಎಂದು, ಹಲ್ಲುನೋವು ಎಂದು ಚಿಕಿತ್ಸೆ ಪಡೆದು, ಸರಿಯಾದ ಹೆಸರು ತಿಳಿಯಲು ವರ್ಷಗಳೇ ಹಿಡಿದವರಿದ್ದಾರೆ. ನನ್ನ ಮೊದಲ ಸುತ್ತು ಪೂರ್ತಿ ಸೈನಸ್ ಮಾತ್ರೆ, ಆವಿ, ಅಜ್ಜಿ ತೇಯ್ದು ಹಚ್ಚಿದ ಒಣಶುಂಠಿ ಇವುಗಳಲ್ಲೇ ಕಳೆಯಿತು. ಎರಡನೇ ಸುತ್ತಿನಲ್ಲಿ ನರರೋಗ ತಜ್ಞರೊಬ್ಬರು ನನ್ನ ಕಥೆ ಪೂರ್ತಿ ಕೇಳಿ, ಎಂಆರ್‌ಐ ಮಾಡಿಸಿ, ಬೇರೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಈ ಹೆಸರು ಹೇಳಿದರು.

ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ಒಂದು ಸುತ್ತು 7 ದಿನದಿಂದ ಒಂದು ವರ್ಷದವರೆಗೆ ಇರಬಹುದು. ಸಾಮಾನ್ಯವಾಗಿ ಎರಡು ವಾರದಿಂದ ಮೂರು ತಿಂಗಳು. ಎರಡು ಸುತ್ತುಗಳ ನಡುವೆ ಕನಿಷ್ಠ ಮೂರು ತಿಂಗಳು ನೋವಿಲ್ಲದ ಬಿಡುವು ಸಿಗುತ್ತದೆ. ಶೇ 10ರಿಂದ 15ರಷ್ಟು ಜನರಿಗೆ ಇಂಥ ಬಿಡುವು ಸಿಗುವುದಿಲ್ಲ. ಅವರದು ದೀರ್ಘಕಾಲಿಕ ಬಗೆ, ಅದರ ಕಷ್ಟವೇ ಬೇರೆ. ನಾನು ಇಲ್ಲಿ ಬರೆಯುತ್ತಿರುವುದು ಬಂದು ಹೋಗುವ ಬಗೆಯ ಬಗ್ಗೆ.

ಮಿದುಳಿನೊಳಗಿನ ಅಲಾರಂ

ಈ ನೋವಿನ ವಿಚಿತ್ರವೆಂದರೆ ಅದರ ಸಮಯಪಾಲನೆ. 1745ರಲ್ಲೇ ಗೆರಾರ್ಡ್ ವಾನ್ ಸ್ವೀಟೆನ್ ಎಂಬ ಡಚ್ ವೈದ್ಯರು ಒಬ್ಬ ಗಟ್ಟಿಮುಟ್ಟಾದ ಮಧ್ಯವಯಸ್ಕನ ಬಗ್ಗೆ ಬರೆದಿದ್ದರು. ಆತನಿಗೆ ದಿನವೂ ಅದೇ ಹೊತ್ತಿಗೆ ಎಡಗಣ್ಣಿನ ಮೇಲೆ ನೋವು ಬರುತ್ತಿತ್ತು, ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಸುಮಾರು 280 ವರ್ಷ ಹಿಂದಿನ ಆ ವಿವರಣೆ ಓದಿದಾಗ ನನಗೆ ನನ್ನದೇ ನೋಟ್‌ಬುಕ್ ಓದಿದ ಹಾಗಾಯಿತು.

ಇದಕ್ಕೆ ಕಾರಣದ ಎಳೆ 1998ರಲ್ಲಿ ಸಿಕ್ಕಿತು. ಅಟ್ಯಾಕ್ ನಡೆಯುತ್ತಿರುವಾಗಲೇ ಪೆಟ್ ಸ್ಕ್ಯಾನ್ ಮಾಡಿ ನೋಡಿದ ಸಂಶೋಧಕರಿಗೆ ಮಿದುಳಿನ ಹೈಪೋಥಲಾಮಸ್ ಭಾಗ ಚುರುಕಾಗಿರುವುದು ಕಂಡಿತು. ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆ ಅಧ್ಯಯನ ಪ್ರಕಟವಾಯಿತು. ನಿದ್ದೆ, ಎಚ್ಚರ, ಹಸಿವು, ಮೈಶಾಖ ಇವುಗಳ ದಿನಚರಿ ನೋಡಿಕೊಳ್ಳುವುದು ಇದೇ ಭಾಗ. ನಮ್ಮ ದೇಹದ ಮುಖ್ಯ ಗಡಿಯಾರ ಇರುವುದೂ ಅಲ್ಲೇ. ಅದಕ್ಕೇ ಹಲವರಿಗೆ ಮಲಗಿ ಒಂದೆರಡು ಗಂಟೆಯಾದ ಮೇಲೆ, ಅಲಾರಂ ಇಟ್ಟ ಹಾಗೆ, ನೋವು ಎಬ್ಬಿಸುತ್ತದೆ. ಕೆಲವರಿಗೆ ವರ್ಷದ ಅದೇ ಕಾಲದಲ್ಲಿ ಸುತ್ತು ಮರಳುತ್ತದೆ.

ಸುತ್ತು ಎಂದರೆ ಆ ಗಡಿಯಾರಕ್ಕೆ ನೋವು ಅಂಟಿಕೊಂಡ ಕಾಲ. ಮುಗಿಯುವುದು ಎಂದರೆ ಆ ಅಂಟು ಬಿಡುವುದು. ಹಾಗಾಗಿ ನಾನು ಗಮನಿಸುವುದು ಇವತ್ತಿನ ನೋವು ಎಷ್ಟಿತ್ತು ಎಂಬುದಕ್ಕಿಂತ ಹೆಚ್ಚಾಗಿ, ಅದು ಗಡಿಯಾರವನ್ನು ಇನ್ನೂ ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದೆ ಎಂಬುದನ್ನು.

ಇಳಿಯುವಾಗಿನ ಐದು ಸುಳಿವು

ನೋಟ್‌ಬುಕ್‌ನಲ್ಲಿ ಪ್ರತಿ ಅಟ್ಯಾಕ್‌ಗೂ ಒಂದು ಸಾಲು. ದಿನಾಂಕ, ಶುರುವಾದ ಸಮಯ, ನಿಂತ ಸಮಯ, ಹತ್ತಕ್ಕೆ ಎಷ್ಟು ನೋವು, ಎಷ್ಟು ನಿಮಿಷ ಆಕ್ಸಿಜನ್, ಜೊತೆಗೆ ಏನೇನಿತ್ತು. ಬರೆಯಲು ಒಂದು ನಿಮಿಷ ಸಾಕು. ವಾರಕ್ಕೊಮ್ಮೆ, ಭಾನುವಾರ, ಒಟ್ಟಿಗೆ ನೋಡುತ್ತೇನೆ. ದಿನದಿನಕ್ಕೆ ನೋಡಿದರೆ ಗೊಂದಲ, ವಾರಕ್ಕೊಮ್ಮೆ ನೋಡಿದರೆ ಚಿತ್ರ ಕಾಣುತ್ತದೆ.

ಮೊದಲ ಸುಳಿವು ಸಮಯ ತಪ್ಪುವುದು. ಐದು, ಆರನೇ ವಾರದಲ್ಲಿ ನನಗೆ ರಾತ್ರಿ 1.40ರ ಆಸುಪಾಸು ಒಂದು, ಬೆಳಗಿನ ಜಾವ 4ರ ಹೊತ್ತಿಗೆ ಇನ್ನೊಂದು ಅಟ್ಯಾಕ್ ಬರುತ್ತಿತ್ತು. ಹತ್ತು ನಿಮಿಷ ಆಚೀಚೆ ಆಗುತ್ತಿರಲಿಲ್ಲ. ಏಳನೇ ವಾರದಲ್ಲಿ ಒಂದು ರಾತ್ರಿ 2.50, ಮರುದಿನ ಬೆಳಿಗ್ಗೆ 5.30, ಅದರ ಮರುದಿನ ಮಧ್ಯಾಹ್ನ ಲ್ಯಾಬ್‌ನಲ್ಲಿ 3 ಗಂಟೆ. ಮಧ್ಯಾಹ್ನವೂ ಬರತೊಡಗಿತು ಎಂದು ಗೆಳೆಯರು ಹೆದರಿದರು. ನೋಟ್‌ಬುಕ್ ನೋಡಿದರೆ ಅರ್ಥ ಬೇರೆಯಿತ್ತು. ಎರಡನೇ ಸುತ್ತಿನ ಕೊನೆಯಲ್ಲೂ ಹೀಗೇ ಸಮಯ ಚದುರಿತ್ತು. ನೋವು ತನ್ನ ಗಡಿಯಾರ ಮರೆಯತೊಡಗಿತ್ತು.

ಎರಡನೆಯದು ಅಟ್ಯಾಕ್ ಮೊಟಕಾಗುವುದು. 80 ನಿಮಿಷ ಇದ್ದದ್ದು 50ಕ್ಕೆ, ಆಮೇಲೆ 25ಕ್ಕೆ ಬಂತು. ಸುತ್ತಿನ ಶುರುವಿನಲ್ಲೂ ಕೊನೆಯಲ್ಲೂ ಅಟ್ಯಾಕ್‌ಗಳು ಮೆದುವಾಗಿ, ಚಿಕ್ಕದಾಗಿ ಇರುವುದು ಸಾಮಾನ್ಯ ಎಂದು ನನ್ನ ವೈದ್ಯರೂ ಹೇಳಿದ್ದರು.

ಮೂರನೆಯದು ನಡುವಿನ ಅಂತರ. ದಿನಕ್ಕೆ ಎರಡು ಇದ್ದದ್ದು ದಿನಕ್ಕೊಂದು, ಎರಡು ದಿನಕ್ಕೊಂದು, ಮೂರು ದಿನಕ್ಕೊಂದು. ಅಂತರ ಒಂದೇ ಸಲ ಹಿಗ್ಗಿದರೆ ನಾನು ನಂಬುವುದಿಲ್ಲ. ಎರಡು ವಾರ ಸತತವಾಗಿ ಹಿಗ್ಗುತ್ತಾ ಹೋದರೆ ನಂಬುತ್ತೇನೆ.

ನಾಲ್ಕನೆಯದು ಜೊತೆಗಾರರು ಬಿಟ್ಟುಹೋಗುವುದು. ಕಣ್ಣೀರು, ಮೂಗು ಕಟ್ಟುವುದು, ತಿರುಗಾಟ ಇವು ನೋವಿನ ಜೊತೆಗಾರರು. ಎಂಟನೇ ವಾರದ ಒಂದು ಅಟ್ಯಾಕ್‌ನಲ್ಲಿ ನಾನು ಮಂಚದ ಮೇಲೆ ಕೂತೇ ಇದ್ದೆ, ಎದ್ದು ತಿರುಗಬೇಕೆಂದು ಅನ್ನಿಸಲೇ ಇಲ್ಲ. ನೋವು ಹತ್ತಕ್ಕೆ ಐದಿತ್ತು, ಕಣ್ಣು ಒಣಗಿತ್ತು. ಆ ಸಾಲಿನ ಮುಂದೆ ‘ಕೂತಿದ್ದೆ’ ಎಂದು ಬರೆದು ಅಡಿಗೆರೆ ಎಳೆದೆ. ಇಡೀ ಸುತ್ತಿನಲ್ಲಿ ನನಗೆ ಅತಿ ಖುಷಿ ಕೊಟ್ಟ ಪದ ಅದು.

ಐದನೆಯದು ನೆರಳು. ಪೂರ್ತಿ ಅಟ್ಯಾಕ್ ಆಗದೆ, ಕಣ್ಣಿನ ಹಿಂದೆ ಒಂದು ಭಾರ, ಒಂದು ಮಿಡಿತ ಬಂದು ಅರ್ಧ ಗಂಟೆ ಇದ್ದು ಹೋಗುವುದುಂಟು. ಇದನ್ನು ನಾನು ನೆರಳು ಎಂದು ಕರೆಯುತ್ತೇನೆ. ನೆರಳು ಸುತ್ತಿನ ಶುರುವಿನಲ್ಲೂ ಬರುತ್ತದೆ, ಕೊನೆಯಲ್ಲೂ ಬರುತ್ತದೆ. ಶುರುವಿನದಾದರೆ ದಿನೇ ದಿನೇ ದಟ್ಟವಾಗಿ ಅಟ್ಯಾಕ್ ಆಗಿ ಬದಲಾಗುತ್ತದೆ. ಕೊನೆಯದಾದರೆ ದಿನೇ ದಿನೇ ತೆಳುವಾಗುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಎನ್ನುತ್ತಾರಲ್ಲ, ಇದು ಆ ಮರದ ಹನಿ. ಹನಿ ಬಿತ್ತೆಂದು ಮತ್ತೆ ಮಳೆ ಬಂತೆಂದು ಗಾಬರಿಯಾಗಬೇಕಿಲ್ಲ.

ಇದರಲ್ಲಿ ಒಂದೇ ಸುಳಿವು ಕಂಡರೆ ಸಾಲದು. ಮೂರು ನಾಲ್ಕು ಒಟ್ಟಿಗೆ, ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಸುತ್ತು ಇಳಿಯುತ್ತಿದೆ ಎಂದು ಧೈರ್ಯವಾಗಿ ಅಂದುಕೊಳ್ಳಬಹುದು.

ಸಿಲಿಂಡರ್ ಹೇಳಿದ ಲೆಕ್ಕ

ಈ ಸಲ ನನಗೆ ನೋಟ್‌ಬುಕ್ ಜೊತೆಗೆ ಇನ್ನೊಂದು ಸಾಕ್ಷಿಯೂ ಸಿಕ್ಕಿತು, ಆಕ್ಸಿಜನ್ ಸಿಲಿಂಡರ್.

ಅಟ್ಯಾಕ್ ಬಂದಾಗ ಸಾಮಾನ್ಯ ನೋವಿನ ಮಾತ್ರೆ ಕೆಲಸಕ್ಕೆ ಬರುವುದಿಲ್ಲ. ಅದು ಹೊಟ್ಟೆಗಿಳಿದು ರಕ್ತ ಸೇರುವಷ್ಟರಲ್ಲಿ ಅಟ್ಯಾಕೇ ಮುಗಿದಿರುತ್ತದೆ. ವೈದ್ಯರು ಕೊಡುವುದು ಮುಖ್ಯವಾಗಿ ಎರಡು. ಒಂದು ಸುಮಾಟ್ರಿಪ್ಟಾನ್ ಚುಚ್ಚುಮದ್ದು. ಇನ್ನೊಂದು ಚೀಲವಿರುವ ಮಾಸ್ಕ್ ಮೂಲಕ ನಿಮಿಷಕ್ಕೆ 12ರಿಂದ 15 ಲೀಟರ್‌ನಂತೆ ಶುದ್ಧ ಆಕ್ಸಿಜನ್. 2009ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಬ್ರಿಟಿಷ್ ಅಧ್ಯಯನದಲ್ಲಿ, ಆಕ್ಸಿಜನ್ ಪಡೆದಾಗ ಶೇ 78ರಷ್ಟು ಅಟ್ಯಾಕ್‌ಗಳು 15 ನಿಮಿಷದಲ್ಲಿ ತಹಬಂದಿಗೆ ಬಂದವು. ಅದೇ ಮಾಸ್ಕ್‌ನಲ್ಲಿ ಬರೀ ಗಾಳಿ ಕೊಟ್ಟಾಗ ಶೇ 20 ಮಾತ್ರ.

ನನಗೆ ವೈದ್ಯರು ಬರೆದುಕೊಟ್ಟ ಚೀಟಿ ನೋಡಿ ವಾರ್ಡನ್ ಸಿಲಿಂಡರ್ ಇಟ್ಟುಕೊಳ್ಳಲು ಒಪ್ಪಿದರು. ಗೋಡೆಗೆ ಸರಪಳಿ ಕಟ್ಟಿ ನಿಲ್ಲಿಸಬೇಕು, ಹತ್ತಿರ ಊದುಬತ್ತಿ, ಸಿಗರೇಟ್, ಬೆಂಕಿಕಡ್ಡಿ ಕೂಡದು, ವಾಲ್ವ್‌ಗೆ ಎಣ್ಣೆ ಕೈ ತಾಗಿಸಕೂಡದು ಎಂಬ ಷರತ್ತುಗಳೊಂದಿಗೆ.

ಈಗ ಲೆಕ್ಕ. 10 ಲೀಟರ್ ನೀರು ಹಿಡಿಯುವ ಸಿಲಿಂಡರ್‌ನಲ್ಲಿ 150 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 1,500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 12 ಲೀಟರ್‌ನಂತೆ 15 ನಿಮಿಷಕ್ಕೆ 180 ಲೀಟರ್. ಅಂದರೆ ಒಂದು ಸಿಲಿಂಡರ್‌ಗೆ ಎಂಟು ಅಟ್ಯಾಕ್. ಐದು, ಆರನೇ ವಾರದಲ್ಲಿ ದಿನಕ್ಕೆ ಎರಡರಂತೆ ನಾಲ್ಕು ದಿನಕ್ಕೊಂದು ಸಿಲಿಂಡರ್ ಖಾಲಿಯಾಗುತ್ತಿತ್ತು. ಏಳನೇ ವಾರದ ಶುರುವಿನಲ್ಲಿ ತಂದದ್ದು ಒಂಬತ್ತು ದಿನ ಬಂತು. ಅದರ ನಂತರದ್ದು ಖಾಲಿಯಾಗಲೇ ಇಲ್ಲ. ಸಿಲಿಂಡರ್ ತುಂಬಿಸಿಕೊಡುವ ಅಂಗಡಿಯವರು ತಾವೇ ಫೋನ್ ಮಾಡಿ, ‘ಏನ್ ಸಾರ್, ಈ ವಾರ ಸಿಲಿಂಡರ್ ಬೇಡ್ವಾ?’ ಎಂದು ಕೇಳಿದರು. ನನ್ನ ಸುತ್ತು ಇಳಿಯುತ್ತಿರುವುದು ನನ್ನ ಬಿಟ್ಟರೆ ಮೊದಲು ಗೊತ್ತಾದದ್ದು ಅವರಿಗೇ ಇರಬೇಕು.

ನೀವು ಆಕ್ಸಿಜನ್ ಬಳಸದಿದ್ದರೆ ನಿಮ್ಮ ಮನೆಯಲ್ಲಿ ಬೇರೊಂದು ಮೀಟರ್ ಇರುತ್ತದೆ. ಚುಚ್ಚುಮದ್ದಿನ ಪೆಟ್ಟಿಗೆ, ಕಾಲೇಜಿನ ಹಾಜರಾತಿ, ರಾತ್ರಿ ಎಷ್ಟು ಸಲ ಲೈಟ್ ಹಾಕಿದಿರಿ ಎಂಬುದು. ‘ನಿನ್ನೆ ರಾತ್ರಿ ಗೊರಕೆ ಹೊಡೀತಿದ್ದೆ ಕಣೋ’ ಎಂದು ನನ್ನ ರೂಮ್‌ಮೇಟ್ ದೂರು ಹೇಳಿದ್ದೂ ಒಂದು ರೀಡಿಂಗ್ ಎಂದೇ ಬರೆದುಕೊಂಡಿದ್ದೇನೆ.

ಮೋಸ ಮಾಡುವ ಬಿಡುವುಗಳು

ಎಲ್ಲ ಬಿಡುವೂ ಅಂತ್ಯವಲ್ಲ. ಮುಖ್ಯವಾಗಿ ಮೂರು ಬಗೆಯ ಮೋಸಗಳನ್ನು ತಿಳಿದಿರಬೇಕು.

ಮೊದಲನೆಯದು ಸ್ಟಿರಾಯ್ಡ್ ಕೊಡುವ ಬಿಡುವು. ಸುತ್ತು ಶುರುವಾದಾಗ ವೈದ್ಯರು ತಡೆಗಟ್ಟುವ ಔಷಧ ಕೊಡುತ್ತಾರೆ. ಹೆಚ್ಚಾಗಿ ವೆರಪಮಿಲ್. ಅದರ ಪ್ರಮಾಣವನ್ನು ನಿಧಾನವಾಗಿ ಏರಿಸಬೇಕು, ಏರಿಸುವಾಗ ಇಸಿಜಿ ಮಾಡಿಸುತ್ತಿರಬೇಕು, ಏಕೆಂದರೆ ಅದು ಹೃದಯದ ಬಡಿತದ ಮೇಲೆ ಪರಿಣಾಮ ಬೀರುತ್ತದೆ. ಅದು ಕೆಲಸ ಶುರುಮಾಡುವವರೆಗೆ ಸೇತುವೆಯ ಹಾಗೆ ಕೆಲವು ದಿನ ಪ್ರೆಡ್ನಿಸೋಲೋನ್ ಕೊಡುವುದುಂಟು. ನನಗೆ ಎರಡನೇ ವಾರದಲ್ಲಿ ಕೊಟ್ಟರು. ಮೂರೇ ದಿನದಲ್ಲಿ ಅಟ್ಯಾಕ್ ನಿಂತಿತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ‘ಮಾತ್ರೆ ಇಳಿಸುವಾಗ ಮರಳಿ ಬರಬಹುದು, ಎದೆಗುಂದಬೇಡ’ ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಇಲ್ಲಿ ಗಮನಿಸಬೇಕಾದ್ದೆಂದರೆ ನೋವು ಒಮ್ಮೆಗೇ ನಿಂತಿತ್ತು, ಇಳಿಯುತ್ತಾ ನಿಂತಿರಲಿಲ್ಲ. ಮರಳಿದಾಗ ಅದೇ 1.40ಕ್ಕೆ ಬಂತು. ಗಡಿಯಾರ ಒಳಗೆ ಓಡುತ್ತಲೇ ಇತ್ತು, ಔಷಧ ಅದರ ಸದ್ದನ್ನಷ್ಟೇ ಅಡಗಿಸಿತ್ತು.

ಎರಡನೆಯದು ನಡುವಿನ ರಜೆ. ಸುತ್ತಿನ ಮಧ್ಯದಲ್ಲೂ ಒಂದೆರಡು ದಿನ ಕಾರಣವಿಲ್ಲದೆ ನೋವು ಬಾರದೇ ಇರಬಹುದು. ಊರಿಗೆ ಹೋದಾಗ, ಮಲಗುವ ಹೊತ್ತು ಬದಲಾದಾಗ ನನಗೆ ಹೀಗಾಗಿದೆ. ಊರಿನ ಗಾಳಿ ಒಗ್ಗಿತು ಎಂದು ಮನೆಯವರು ಹೇಳುತ್ತಾರೆ. ಅಂತರದ ಮುಂದಿನ ಅಟ್ಯಾಕ್ ಹೇಗಿದೆ ನೋಡಿ. ಅದು ಹಳೆಯ ಹೊತ್ತಿಗೇ ಹಳೆಯ ಜೋರಿನಲ್ಲೇ ಬಂದರೆ, ನಡುವೆ ಸಿಕ್ಕಿದ್ದು ರಜೆ ಅಷ್ಟೇ.

ಮೂರನೆಯದು ಪರೀಕ್ಷೆ ಮಾಡಿ ನೋಡುವ ಚಟ. ಸುತ್ತು ನಡೆಯುವಾಗ ಸ್ವಲ್ಪ ಮದ್ಯ ಕುಡಿದರೂ ಹಲವರಿಗೆ ಗಂಟೆಯೊಳಗೆ ಅಟ್ಯಾಕ್ ಬರುತ್ತದೆ. ಸುತ್ತು ಮುಗಿದ ಮೇಲೆ ಅದೇ ಮದ್ಯದಿಂದ ಏನೂ ಆಗುವುದಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಬಸ್ ಚಾಲಕರೊಬ್ಬರು, ಹತ್ತು ವರ್ಷದಿಂದ ಇದನ್ನು ಅನುಭವಿಸಿದವರು, ‘ಮುಗೀತಾ ಅಂತ ನೋಡೋಕೆ ಒಂದು ಬಿಯರ್ ಕುಡೀತಿದ್ದೆ ತಮ್ಮಾ. ಮುಗ್ದಿಲ್ಲ ಅಂದ್ರೆ ಆ ರಾತ್ರಿ ಸತ್ತೆ ಅಂತಾನೇ ಲೆಕ್ಕ’ ಎಂದು ನಕ್ಕರು. ಅವರ ಹೆಂಡತಿ ನಗಲಿಲ್ಲ. ಬೆಂಕಿ ಆರಿದೆಯೇ ಎಂದು ಕೈ ಇಟ್ಟು ನೋಡುವ ವಿಧಾನ ಇದು. ನೋಟ್‌ಬುಕ್ ಇರುವಾಗ ಕೈ ಸುಟ್ಟುಕೊಳ್ಳುವ ಅಗತ್ಯವಿಲ್ಲ.

ಎರಡು ವಾರದ ಎಣಿಕೆ

ಸುಳಿವುಗಳೆಲ್ಲ ಸರಿಯಾಗಿ ಕಂಡವು, ಅಟ್ಯಾಕೂ ನಿಂತಿತು. ಆಗ ಔಷಧ ಬಿಟ್ಟುಬಿಡಬಹುದೇ? ನಾವೇ ತೀರ್ಮಾನ ಮಾಡಿ ಬಿಡಬಾರದು. ಅಟ್ಯಾಕ್ ಇಲ್ಲದೆ ಸುಮಾರು ಎರಡು ವಾರ ಕಳೆದ ಮೇಲೆ ವೈದ್ಯರು ವೆರಪಮಿಲ್ ಅನ್ನು ಹಂತ ಹಂತವಾಗಿ ಇಳಿಸುವುದು ಸಾಮಾನ್ಯ ಕ್ರಮ. ಇಳಿಸುವಾಗ ಅಟ್ಯಾಕ್ ಮರಳಿದರೆ ಸುತ್ತು ಇನ್ನೂ ಮುಗಿದಿಲ್ಲ, ಔಷಧ ಅದನ್ನು ತಡೆದು ಹಿಡಿದಿತ್ತು ಎಂದರ್ಥ. ಆಗ ಮತ್ತೆ ಏರಿಸಿ ಸ್ವಲ್ಪ ಕಾಲ ಕಾಯುತ್ತಾರೆ. ಮರಳದಿದ್ದರೆ ಅದೇ ಅಂತಿಮ ಪುರಾವೆ. ಬಿಯರ್ ಟೆಸ್ಟ್‌ಗಿಂತ ಇದು ನೂರು ಪಾಲು ವಾಸಿ.

ನಾನು ಕ್ಯಾಲೆಂಡರ್‌ನಲ್ಲಿ 14 ಚೌಕಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಬಂದೆ. ನಾಲ್ಕನೇ ದಿನ ಒಂದು ನೆರಳು, ಒಂಬತ್ತನೇ ದಿನ ಅದಕ್ಕಿಂತ ತೆಳುವಾದ ಇನ್ನೊಂದು. ಆಮೇಲೆ ಏನಿಲ್ಲ. ಹದಿನೈದನೇ ದಿನ ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋದೆ. ಅವರು ಐದು ನಿಮಿಷ ಪುಟ ತಿರುವಿ, ಇಳಿಸುವ ಪಟ್ಟಿ ಬರೆದುಕೊಟ್ಟರು. ಹೊರರೋಗಿ ವಿಭಾಗದ ಗದ್ದಲದಲ್ಲಿ ‘ಈಗ ಪರವಾಗಿಲ್ಲ ಡಾಕ್ಟ್ರೇ’ ಎನ್ನುವುದಕ್ಕಿಂತ ಎರಡು ಪುಟದ ದಾಖಲೆ ಬೇಗ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಈ ಲೆಕ್ಕಗಳೆಲ್ಲ ನಿಮಗೆ ಕ್ಲಸ್ಟರ್ ತಲೆನೋವು ಎಂದು ವೈದ್ಯರು ಖಚಿತಪಡಿಸಿದ ಮೇಲಿನ ಮಾತು. ಇದ್ದಕ್ಕಿದ್ದಂತೆ ಸಿಡಿಲು ಹೊಡೆದ ಹಾಗೆ ಬಂದ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು ಇವು ಇದ್ದರೆ ನೋಟ್‌ಬುಕ್ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಳೆಯ ನೋವಿನ ಸ್ವಭಾವವೇ ಬದಲಾದರೂ ತೋರಿಸಬೇಕು.

ನೋವು ಹೋದರೂ ಹೋಗದ ಭಯ

ಅಟ್ಯಾಕ್ ನಿಂತ ಮೇಲೂ ಮೂರು ವಾರ ನನಗೆ ರಾತ್ರಿ ಒಂದೂವರೆಗೆ ಎಚ್ಚರವಾಗುತ್ತಿತ್ತು. ನೋವಿರಲಿಲ್ಲ. ಕತ್ತಲೆಯಲ್ಲಿ ಕಣ್ಣು ಬಿಟ್ಟು ‘ಈಗ ಬರುತ್ತದೆ’ ಎಂದು ಕಾಯುತ್ತಿದ್ದೆ. ನಿದ್ದೆಯೇ ನೋವಿನ ಬಾಗಿಲಾಗಿದ್ದ ಮೇಲೆ ನಿದ್ದೆಯನ್ನು ಮತ್ತೆ ನಂಬಲು ಸಮಯ ಬೇಕು. ಸುತ್ತು ಮುಗಿಯಿತು ಎಂದು ಮೊದಲು ಗೊತ್ತಾಗುವುದು ನೋಟ್‌ಬುಕ್‌ಗೆ, ಆಮೇಲೆ ವೈದ್ಯರಿಗೆ, ಎಲ್ಲರಿಗಿಂತ ಕೊನೆಗೆ ನಮ್ಮ ಮೈಗೆ. ಈ ಭಯವನ್ನು ಯಾರೂ ಹೇಡಿತನ ಎನ್ನಬಾರದು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಇದು ಮನುಷ್ಯ ಅನುಭವಿಸುವ ಅತಿ ಕಠಿಣ ನೋವುಗಳಲ್ಲಿ ಒಂದು ಎನ್ನುತ್ತಾರೆ. ಆರನೇ ವಾರದಲ್ಲಿ, ನಿದ್ದೆಗೆಟ್ಟು, ‘ಇದು ಎಂದೂ ಮುಗಿಯುವುದಿಲ್ಲ’ ಎಂಬ ಯೋಚನೆ ಬಂದೇ ಬರುತ್ತದೆ. ಆ ಯೋಚನೆ ಅಲ್ಲಿಂದ ಇನ್ನೂ ಕತ್ತಲೆಯ ಕಡೆಗೆ ಹೋಗುತ್ತಿದ್ದರೆ ಒಬ್ಬರೇ ಇರಬೇಡಿ. ಪಕ್ಕದ ರೂಮಿನ ಬಾಗಿಲು ತಟ್ಟಿ, ಮನೆಗೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನನಗೆ ಅಂಥ ರಾತ್ರಿಗಳಲ್ಲಿ ಆಧಾರವಾದದ್ದು ಎರಡನೇ ಸುತ್ತಿನ ಹಳೆಯ ನೋಟ್‌ಬುಕ್. ಅದರ ಕೊನೆಯ ಹದಿನೈದು ಪುಟ ಖಾಲಿ ಇದ್ದವು. ಒಮ್ಮೆ ಮುಗಿದಿದೆ, ಹಾಗಾದರೆ ಇನ್ನೊಮ್ಮೆಯೂ ಮುಗಿಯುತ್ತದೆ ಎಂಬುದಕ್ಕೆ ಆ ಖಾಲಿ ಪುಟಗಳಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಗೆಳೆಯರಿಗೆ, ರೂಮ್‌ಮೇಟ್‌ಗಳಿಗೆ ಒಂದು ಕೋರಿಕೆ. ಅಟ್ಯಾಕ್ ಬಂದಾಗ ಹಿಡಿದು ಕೂರಿಸಬೇಡಿ, ಪ್ರಶ್ನೆ ಕೇಳಬೇಡಿ. ಮಾಸ್ಕ್ ಕೈಗೆ ಕೊಡಿ, ವಾಲ್ವ್ ತಿರುಗಿಸಿ, ದಾರಿ ಬಿಡಿ. ಮುಗಿದ ಮೇಲೆ ನೀರು ಕೊಡಿ. ನನ್ನ ರೂಮ್‌ಮೇಟ್ ಇಷ್ಟನ್ನೇ ಮಾಡಿದ, ಒಂಬತ್ತು ವಾರ.

ಬಿಡುವಿನಲ್ಲಿ ಮಾಡುವ ಕೆಲಸ

ಸುತ್ತು ಮುಗಿಯಿತೆಂದರೆ ಕಾಯಿಲೆ ವಾಸಿಯಾಯಿತು ಎಂದಲ್ಲ. ಮುಂದಿನದು ಆರು ತಿಂಗಳಿಗೆ ಬರಬಹುದು, ಎರಡು ವರ್ಷಕ್ಕೆ ಬರಬಹುದು. ಬಿಡುವಿನ ಕಾಲದಲ್ಲಿ ನಾಲ್ಕು ಕೆಲಸ ಮಾಡಿಟ್ಟರೆ ಮುಂದಿನ ಸುತ್ತು ಅರ್ಧ ಹಗುರ.

ಸಿಲಿಂಡರ್ ವಾಪಸ್ ಕೊಟ್ಟರೂ ಮಾಸ್ಕ್, ವೈದ್ಯರ ಚೀಟಿ, ಅಂಗಡಿಯ ಫೋನ್ ನಂಬರ್ ಒಂದೇ ಕವರ್‌ನಲ್ಲಿಡಿ. ಸುತ್ತು ಶುರುವಾದ ತಿಂಗಳು, ಮುಗಿದ ತಿಂಗಳು, ಯಾವ ಔಷಧ ಎಷ್ಟು ದಿನಕ್ಕೆ ಹಿಡಿಯಿತು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ಮೊದಲ ನೆರಳು ಕಂಡ ದಿನವೇ ವೈದ್ಯರಿಗೆ ಫೋನ್ ಮಾಡುವುದೆಂದು ಮನೆಯವರ ಜೊತೆ ಮಾತಾಡಿಕೊಳ್ಳಿ, ತಡೆಗಟ್ಟುವ ಔಷಧ ಬೇಗ ಶುರುವಾದಷ್ಟೂ ಒಳ್ಳೆಯದು. ನಾಲ್ಕನೆಯದಾಗಿ, ಚೆನ್ನಾಗಿರುವಾಗಲೇ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರಿಗಾದರೂ, ಕೆಲಸಕ್ಕೆ ಸೇರಿದ್ದರೆ ಮೇಲಧಿಕಾರಿಗಾದರೂ ವೈದ್ಯಕೀಯ ಪತ್ರ ತೋರಿಸಿ ವಿಷಯ ಹೇಳಿಡಿ. ನೋವಿನ ನಡುವೆ ನಿಂತು ವಿವರಿಸುವುದು ಬಹಳ ಕಷ್ಟ. ಕೆಲಸ ಹುಡುಕುವವರು ರಾತ್ರಿ ಪಾಳಿ, ಪದೇ ಪದೇ ಪಾಳಿ ಬದಲಾಗುವ ಹುದ್ದೆಗಳನ್ನು ಒಪ್ಪುವ ಮೊದಲು ತಮ್ಮ ನಿದ್ದೆಯ ಲೆಕ್ಕವನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಇಂಟರ್ನ್‌ಶಿಪ್ ಸಂದರ್ಶನ ಬಂದದ್ದು ಎಂಟನೇ ವಾರದಲ್ಲಿ. ಹಿಂದಿನ ಭಾನುವಾರದ ಪುಟ ನೋಡಿ ‘ಬರ್ತೀನಿ’ ಎಂದು ಮೇಲ್ ಕಳಿಸಿದ್ದೆ. ಸಂದರ್ಶನದ ಹೊತ್ತಿಗೆ ಕಣ್ಣಿನ ಹಿಂದೆ ತೆಳುವಾದ ನೆರಳಿತ್ತು, ಅಷ್ಟೇ. ನೋಟ್‌ಬುಕ್ ಇರದಿದ್ದರೆ ಆ ನೆರಳಿಗೇ ಹೆದರಿ ಹೋಗದೆ ಉಳಿಯುತ್ತಿದ್ದೆನೇನೋ.

ಯಾರಾದರೂ ‘ಮುಗೀತಾ?’ ಎಂದು ಕೇಳಿದರೆ ಹೌದು, ಇಲ್ಲ ಎಂದು ಉತ್ತರಿಸುವ ಗೋಜಿಗೆ ನಾನು ಹೋಗುವುದಿಲ್ಲ. ‘ಇಳೀತಿದೆ’ ಎನ್ನುತ್ತೇನೆ. ಕೇಳಿದವರಿಗೂ ಅಷ್ಟು ಸಾಕು, ನನಗೂ ಆ ದಿನದ ಮಟ್ಟಿಗೆ ಅಷ್ಟು ಸಾಕು.